ಗುಡಿಯ ಕತ್ತಲಲ್ಲಿ ಒಂದು ನೋಟ

ಬೇಸಿಗೆಯ ಒಂದು ಸಂಜೆ. ವಿಷ್ಣುಪುರದಿಂದ ಮಾಂದಾರಣದ ಕಡೆಗೆ ಒಬ್ಬ ತರುಣ ಸವಾರ ಒಂಟಿಯಾಗಿ ಹೊರಟಿದ್ದಾನೆ. ನಡುದಾರಿಯಲ್ಲಿ ಬಿರುಗಾಳಿ, ಮಳೆ. ಮಿಂಚಿನ ಬೆಳಕಿನಲ್ಲಿ ಕಂಡ ಶಿವಾಲಯವೊಂದಕ್ಕೆ ನುಗ್ಗುತ್ತಾನೆ. ಒಳಗೆ ಇಬ್ಬರು ಹೆಂಗಸರಿದ್ದಾರೆ. ದೀಪ ಆರಿಹೋಗಿದೆ. ಮತ್ತೆ ಬೆಳಕು ಬಂದಾಗ ಸವಾರನೂ ಆ ಇಬ್ಬರಲ್ಲಿ ಕಿರಿಯಳೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಷ್ಟೇ. ಮುಂದಿನ ಕಥೆಯನ್ನೆಲ್ಲ ಆ ಒಂದು ನೋಟವೇ ಎಳೆದುಕೊಂಡು ಹೋಗುತ್ತದೆ.

1865ರಲ್ಲಿ ಪ್ರಕಟವಾದ ಬಂಕಿಮಚಂದ್ರ ಚಟ್ಟೋಪಾಧ್ಯಾಯರ ‘ದುರ್ಗೇಶನಂದಿನಿ’ ಆರಂಭವಾಗುವುದು ಹೀಗೆ. ಸವಾರ ಜಗತ್‌ಸಿಂಹ, ಅಕ್ಬರನ ಸೇನಾನಿ ರಾಜಾ ಮಾನಸಿಂಹನ ಮಗ. ಹುಡುಗಿ ತಿಲೋತ್ತಮೆ, ಮಾಂದಾರಣ ಕೋಟೆಯ ಒಡೆಯ ವೀರೇಂದ್ರಸಿಂಹನ ಮಗಳು. ಬಂಗಾಳಿಯಲ್ಲಿ ಬಂಕಿಮರ ಮೊದಲ ಕಾದಂಬರಿ ಇದು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್.

ನಾಯಕ-ನಾಯಕಿಯರ ನಡುವಿನ ಇಂಥ ಸೆಳೆತಕ್ಕೆ ಸಿನಿಮಾ ಪುಟಗಳಲ್ಲಿ ನಾವು ‘ಕೆಮಿಸ್ಟ್ರಿ’ ಎಂದು ಬರೆಯುತ್ತೇವೆ. ಆದರೆ ಕೆಮಿಸ್ಟ್ರಿಗೂ ಒಂದು ಪ್ರಯೋಗಶಾಲೆ ಬೇಕಲ್ಲ! ಗಂಡು ಹೆಣ್ಣು ಭೇಟಿಯಾಗಲು ಜಾಗ, ಮಾತಾಡಲು ಸಮಯ, ‘ಇವರೇ ಬೇಕು’ ಎಂದು ನಿರ್ಧರಿಸುವಷ್ಟು ವಯಸ್ಸು ಬೇಕು. ಆ ಕಾಲದ ಬಂಗಾಳದ ಮೇಲುಜಾತಿಯ ಮನೆಗಳಲ್ಲಿ ಇವು ಎಲ್ಲಿದ್ದವು? ಸ್ವತಃ ಬಂಕಿಮರ ಮದುವೆಯಾದದ್ದು 11ನೇ ವಯಸ್ಸಿನಲ್ಲಿ, 1849ರಲ್ಲಿ. ವಧುವಿಗೆ 5 ವರ್ಷ. ಹತ್ತು ವರ್ಷಗಳ ನಂತರ ಆಕೆ ತೀರಿಕೊಂಡರು; ಮರುವರ್ಷ ಬಂಕಿಮರಿಗೆ ಇನ್ನೊಂದು ಮದುವೆಯಾಯಿತು.

ಪ್ರೇಮದ ಕಥೆ ಬರೆಯಹೊರಟ ಲೇಖಕನಿಗೆ ಇದು ನಿಜವಾದ ತೊಡಕು. ತನ್ನ ಕಾಲದ ಕಥೆ ಬರೆದರೆ ನಾಯಕಿಗೆ ಆಗಲೇ ಮದುವೆಯಾಗಿರುತ್ತದೆ, ಇಲ್ಲವೇ ಆಕೆ ವಿಧವೆಯಾಗಿರುತ್ತಾಳೆ. ಬಂಕಿಮರು ಇದನ್ನು ಬರೆದೇ ನೋಡಿದ್ದರು. 1864ರಲ್ಲಿ ಇಂಗ್ಲಿಷಿನಲ್ಲಿ ಧಾರಾವಾಹಿಯಾಗಿ ಬಂದ ‘ರಾಜಮೋಹನ್ಸ್ ವೈಫ್’ ಅವರ ಕಾಲದ ಹಳ್ಳಿಮನೆಯ ಕಥೆ. ಅದರ ನಾಯಕಿ ಮಾತಂಗಿನಿ ಒರಟು ಗಂಡನ ಕೈಹಿಡಿದವಳು. ಪ್ರೀತಿಸುವುದು ತಂಗಿಯ ಗಂಡನನ್ನು. ಕೊನೆಗೆ ತವರಿಗೆ ಹೋಗಿ ಅಕಾಲದಲ್ಲಿ ಸಾಯುತ್ತಾಳೆ. 1873ರ ‘ವಿಷವೃಕ್ಷ’ದ ಕುಂದನಂದಿನಿ ಎಳೆಯ ವಿಧವೆ. ಆಕೆಯ ಪ್ರೀತಿ, ಮರುಮದುವೆ ಎಲ್ಲವೂ ವಿಷ ಕುಡಿಯುವುದರಲ್ಲಿ ಮುಗಿಯುತ್ತದೆ. ವರ್ತಮಾನದಲ್ಲಿ ಪ್ರೇಮವೆಂದರೆ ಅಪರಾಧ, ಇಲ್ಲವೇ ಸಾವು.

ಹಾಗಾಗಿ ಪ್ರೇಮಿಗಳನ್ನು ಪೂರ್ವಕಾಲಕ್ಕೆ ಕಳಿಸಬೇಕಾಯಿತು. ರಜಪೂತ ಕುವರಿ ಹದಿನಾರು ತುಂಬಿದರೂ ಅವಿವಾಹಿತೆಯಾಗಿ ಇರಬಹುದು. ಯುದ್ಧವಿದ್ದರೆ ಮನೆಯ ಬಾಗಿಲು ಮುರಿಯುತ್ತದೆ, ಮಳೆ ಬಂದರೆ ಅಪರಿಚಿತರು ಒಂದೇ ಸೂರಿನಡಿ ನಿಲ್ಲುತ್ತಾರೆ. ಇತಿಹಾಸದ ಆಸರೆ ಬೇಕಾದದ್ದು ಇಷ್ಟಕ್ಕೇ. 1590ರ ಸುಮಾರಿನಲ್ಲಿ ಒರಿಸ್ಸಾದ ಪಠಾಣ ಕತಲೂ ಖಾನನ ಮೇಲೆ ಮಾನಸಿಂಹ ದಂಡೆತ್ತಿ ಹೋದದ್ದು, ಜಗತ್‌ಸಿಂಹ ಅಲ್ಲಿ ಸಂಕಟಕ್ಕೆ ಸಿಕ್ಕಿದ್ದು ನಿಜ. ತಿಲೋತ್ತಮೆ ಮಾತ್ರ ಕಲ್ಪನೆ. ಇತಿಹಾಸದ ಜಗತ್‌ಸಿಂಹ 1599ರಲ್ಲಿ ಅತಿಯಾದ ಕುಡಿತದಿಂದ ಸತ್ತ. ಕಾದಂಬರಿಗೆ ಆ ವಿಷಯ ಬೇಕಿರಲಿಲ್ಲ.

ಗುಡಿಯಿಂದ ಮನೆಗೆ ಬಂದ ತಿಲೋತ್ತಮೆಯ ಪಾಡನ್ನು ಬಂಕಿಮರು ಬಲು ಸೊಗಸಾಗಿ ಬರೆದಿದ್ದಾರೆ. ಓದಲು ಕೂತರೆ ಪುಸ್ತಕ ಹಿಡಿಸುವುದಿಲ್ಲ. ಲೇಖನಿ ಹಿಡಿದು ಮಂಚದ ಮೇಲೆ ಏನೇನೋ ಗೀಚುತ್ತಾಳೆ: ಬಿಡಿ ಅಕ್ಷರಗಳು, ಗಿಡಬಳ್ಳಿ, ಹಳೆಯ ಕಾವ್ಯಗಳ ಹೆಸರು. ನೋಡಿದರೆ ಕೊನೆಯಲ್ಲಿ ರಾಜಕುಮಾರನ ಹೆಸರೇ ಬಂದುಬಿಟ್ಟಿದೆ! ನಾಚಿ, ನೀರು ಹಾಕಿ ತೊಳೆಯುತ್ತಾಳೆ. ಎದುರಿಗೆ ಆತನಿಲ್ಲ, ಮಾತಿಲ್ಲ. ಆದರೂ ಓದುಗನಿಗೆ ಎಲ್ಲವೂ ತಿಳಿಯುತ್ತದೆ.

ಆದರೆ ಇಬ್ಬರೂ ಎದುರಾದಾಗ? ನಿರಾಸೆಯೇ. ಪಠಾಣರು ಕೋಟೆ ಹಿಡಿಯುತ್ತಾರೆ, ಜಗತ್‌ಸಿಂಹ ಗಾಯಗೊಂಡು ಸೆರೆಯಾಗುತ್ತಾನೆ. ಕತಲೂ ಖಾನನ ಅಂತಃಪುರದಲ್ಲಿ ಬಂಧಿಯಾಗಿದ್ದ ತಿಲೋತ್ತಮೆ ತಪ್ಪಿಸಿಕೊಂಡು ಸೆರೆಮನೆಗೆ ಬಂದರೆ, ಆಕೆಯ ಶೀಲದ ಬಗ್ಗೆ ಸಂಶಯಪಟ್ಟ ಈ ಮಹಾಶಯ ಪರಕೀಯಳಂತೆ ಮಾತಾಡಿಸುತ್ತಾನೆ. ಹುಡುಗಿ ಮೂರ್ಛೆ ಹೋಗುತ್ತಾಳೆ. ಆಕೆ ನಿಷ್ಕಳಂಕಳೆಂದು ಸಾಯುವ ಗಳಿಗೆಯಲ್ಲಿ ಕತಲೂ ಖಾನನೇ ಹೇಳಬೇಕಾಗುತ್ತದೆ. ಪ್ರೇಯಸಿಯ ಮಾತಿಗಿಂತ ಶತ್ರುವಿನ ಸಾಕ್ಷಿಯೇ ಹೆಚ್ಚಾದ ನಾಯಕನನ್ನು ಇಂದಿನ ಓದುಗಿ ಕ್ಷಮಿಸುವುದು ಕಷ್ಟ.

ನಿಜವಾದ ಕಿಡಿ ಹಾರುವುದು ಇನ್ನೊಂದು ಕಡೆ. ಗಾಯಾಳುವಿನ ಹಾಸಿಗೆಯ ಬಳಿ ದಿನಗಟ್ಟಲೆ ಕೂತು ಶುಶ್ರೂಷೆ ಮಾಡುವವಳು ಕತಲೂ ಖಾನನ ಮಗಳು ಆಯೇಷಾ. ಇಲ್ಲಿ ಜಾಗವಿದೆ, ಸಮಯವಿದೆ, ಮಾತಿದೆ. ತನ್ನನ್ನು ಬಯಸುವ ಉಸ್ಮಾನ್ ಖಾನನ ಎದುರಿಗೇ, ಈ ಬಂದಿಯೇ ತನ್ನ ಪ್ರಾಣೇಶ್ವರ ಎಂದು ಆಕೆ ಘೋಷಿಸುವ ಪ್ರಸಂಗವಿದೆ. ಇಡೀ ಕಾದಂಬರಿಯಲ್ಲಿ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ತಾನೇ ಹೊಣೆ ಹೊರುವ ಹೆಣ್ಣು ಆಕೆಯೇ. ಆದರೆ ಮದುವೆಯಾಗುವುದು ತಿಲೋತ್ತಮೆಗೆ. ಧರ್ಮದ ಗೋಡೆಯನ್ನು ದಾಟಿಸಲು ಹಿಂದಿನ ಕಾಲಕ್ಕೂ ಆಗಲಿಲ್ಲ.

ಇದು ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ (1819) ಕಾದಂಬರಿಯ ನಕಲೆಂದು ಆಗಲೇ ಗೊಣಗಿದವರಿದ್ದರು. ಅಲ್ಲಿಯೂ ಗಾಯಗೊಂಡ ವೀರನನ್ನು ಆರೈಕೆ ಮಾಡುವವಳು ಯಹೂದಿ ಹುಡುಗಿ ರೆಬೆಕ್ಕಾ. ಮದುವೆ ಮಾತ್ರ ರೊವೆನಾ ಜೊತೆ. ತಾವು ಬರೆಯುವ ಮೊದಲು ಅದನ್ನು ಓದಿರಲಿಲ್ಲವೆಂದು ಬಂಕಿಮರು ಹೇಳಿದರು. ಅಲ್ಲಿನ ಓದುಗರ ತಕರಾರೂ ಇದೇ ಆಗಿತ್ತು. ಕಾದಂಬರಿಕಾರ ಥ್ಯಾಕರೆ 1850ರಲ್ಲಿ ‘ರೆಬೆಕ್ಕಾ ಅಂಡ್ ರೊವೆನಾ’ ಎಂಬ ವಿನೋದದ ಮುಂದುವರಿಕೆ ಬರೆದು, ವೀರನಿಗೆ ರೆಬೆಕ್ಕಾಳನ್ನೇ ಕೊಟ್ಟು ಮದುವೆ ಮಾಡಿಸಿದ. ಆಯೇಷಾಗೆ ಅಂಥ ಥ್ಯಾಕರೆ ಸಿಗಲಿಲ್ಲವೇನೋ.

ಕನ್ನಡಕ್ಕೆ ಈ ಜೋಡಿಗಳನ್ನು ಕರೆತಂದವರು ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಬಿ. ವೆಂಕಟಾಚಾರ್ಯರು (1845-1914). ಬಂಗಾಳಿ ಕಲಿತು ಅವರು ‘ದುರ್ಗೇಶನಂದಿನಿ’, ‘ವಿಷವೃಕ್ಷ’ ಮುಂತಾದವನ್ನು ಅನುವಾದಿಸಿದರು. ಅವುಗಳನ್ನು ಓದಿದ ಮನೆಗಳ ಸ್ಥಿತಿ ಹೇಗಿತ್ತು? ಹೆಣ್ಣುಮಗುವಿಗೆ 8 ವರ್ಷ ತುಂಬುವ ಮೊದಲು ಮದುವೆ ಮಾಡಬಾರದು ಎಂದು ಮೈಸೂರು ಸರ್ಕಾರ ಕಾನೂನು ತಂದದ್ದೇ 1894ರಲ್ಲಿ, ಅದೂ ವಿರೋಧದ ನಡುವೆ. ಬ್ರಿಟಿಷ್ ಭಾರತದಲ್ಲಿ ಆ ಮಿತಿ 14ಕ್ಕೆ ಏರಲು 1929ರ ಶಾರದಾ ಕಾಯ್ದೆಯವರೆಗೆ ಕಾಯಬೇಕಾಯಿತು. ಎಂಟು-ಹತ್ತು ವರ್ಷಕ್ಕೆ ಗಂಡನ ಹೆಸರು ಅಂಟಿಸಿಕೊಂಡು, ಅಕ್ಷರ ಕಲಿತ ಕೆಲವೇ ಹೆಣ್ಣುಮಕ್ಕಳಲ್ಲಿ ಯಾರಾದರೂ ದೀಪದ ಬೆಳಕಿನಲ್ಲಿ ಆ ಮಂಚದ ಗೀಚುಬರಹದ ಪ್ರಸಂಗ ಓದಿರಬಹುದು.

ಓದಿದ್ದರೆ ಕೊನೆಯ ಪುಟಕ್ಕೂ ಬಂದಿರುತ್ತಾರೆ. ತಿಲೋತ್ತಮೆಯ ಮದುವೆಗೆ ಬಂದ ಆಯೇಷಾ ತನ್ನ ಒಡವೆಗಳನ್ನೆಲ್ಲ ಆಕೆಗೆ ತೊಡಿಸಿ ಹಿಂದಿರುಗುತ್ತಾಳೆ. ರಾತ್ರಿ ಕಿಟಕಿಯ ಬಳಿ ನಿಂತು, ವಿಷವಿರುವ ತನ್ನ ಉಂಗುರವನ್ನು ಬೆರಳಿನಿಂದ ತೆಗೆದು ತುಸು ಹೊತ್ತು ಯೋಚಿಸುತ್ತಾಳೆ. ಆಮೇಲೆ ಅದನ್ನು ಕೋಟೆಯ ಕಂದಕದ ನೀರಿಗೆ ಎಸೆದುಬಿಡುತ್ತಾಳೆ.