ಮಣಿಕಟ್ಟಿನ ಮೇಲಿನ ಕ್ಯಾಲೊರಿ ಲೆಕ್ಕ

ವಿಕ್ರೋಳಿಯ ಕನ್ನಮ್‌ವಾರ್ ನಗರದಲ್ಲಾಗಲಿ, ಟಾಗೋರ್ ನಗರದಲ್ಲಾಗಲಿ, ಬೆಳಗಿನ ಹೊತ್ತು ವಾಯುಸೇವನೆಗೆ ಹೊರಟವರ ಕೈಗಳನ್ನು ನೋಡಿದರೆ ಕಾಲ ಎಷ್ಟು ಬದಲಾಗಿದೆಯೆಂಬುದು ತಿಳಿಯುತ್ತದೆ. ನಮ್ಮ ಹಿರಿಯರ ಕೈಯಲ್ಲಿದ್ದುದು 1961ರಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್.ಎಂ.ಟಿ. ಗಡಿಯಾರ. ಅದು ಹೇಳುತ್ತಿದ್ದುದು ಹೊತ್ತನ್ನು ಮಾತ್ರ. ಅದೂ ತಪ್ಪಿದರೆ ಆಕಾಶವಾಣಿಯ ಸಮಯಸೂಚನೆಗೆ ಹೋಲಿಸಿ ಮುಳ್ಳನ್ನು ಸರಿಪಡಿಸಿಕೊಳ್ಳಬಹುದಿತ್ತು. ಇಂದಿನ ವಾಚು ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಕೊನೆಗೆ 'ಇಂದು ನೀವು ಇಷ್ಟು ಕ್ಯಾಲೊರಿ ಕರಗಿಸಿದ್ದೀರಿ' ಎಂದು ಒಂದು ಅಂಕಿಯನ್ನೂ ಮುಂದಿಡುತ್ತದೆ. ಈ ಅಂಕಿಯನ್ನು ಯಾವ ಆಕಾಶವಾಣಿಗೆ ಹೋಲಿಸಿ ನೋಡೋಣ? ತೂಕ ಇಳಿಸಬೇಕೆಂದು ವೈದ್ಯರಿಂದ ಹೇಳಿಸಿಕೊಂಡವರು ನಮ್ಮ ಸಂಘದ ಕುಟುಂಬಗಳಲ್ಲಿ ಕಡಮೆಯೇನಿಲ್ಲ. ಈ ಅಂಕಿಯನ್ನು ನಂಬಿ ಊಟದ ತಟ್ಟೆಯನ್ನು ಹಿಗ್ಗಿಸುವವರೂ ಇದ್ದಾರೆ. ಆದುದರಿಂದ ಅದು ಎಲ್ಲಿಂದ ಬಂತೆಂಬ ಚರಿತ್ರೆಯನ್ನು ತಿಳಿದುಕೊಳ್ಳುವುದು ಲೇಸು.

ಮೊದಲು ಕ್ಯಾಲೊರಿ ಎಂದರೇನೆಂದು ನೋಡೋಣ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖವೇ ಆಹಾರದ ಲೆಕ್ಕದ ಒಂದು ಕ್ಯಾಲೊರಿ. ನಮ್ಮ ನಲ್ಲಿಯ 28 ಡಿಗ್ರಿಯ ಒಂದು ಲೀಟರು ನೀರನ್ನು ಕುದಿಯುವವರೆಗೆ ಕಾಯಿಸಲು 72 ಕ್ಯಾಲೊರಿ ಸಾಕು. ಅಂದರೆ ಕ್ಯಾಲೊರಿಯೆಂಬುದು ಕರಗುವ ಕೊಬ್ಬಿನ ಹೆಸರಲ್ಲ, ಶಾಖದ ಅಳತೆ.

ಪ್ರಾಣಿಯ ದೇಹವೂ ಒಂದು ಒಲೆಯೆಂದು ಅಳೆದು ತೋರಿಸಿದವರು ಫ್ರಾನ್ಸ್ ದೇಶದ ಲವೋಸಿಯೆ ಮತ್ತು ಲಾಪ್ಲಾಸ್. 1782-83ರ ಚಳಿಗಾಲದಲ್ಲಿ ಅವರು ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಶಾಖದಿಂದ ಎಷ್ಟು ಮಂಜು ಕರಗಿತೆಂದು ತೂಗಿದರು. ಉಸಿರಾಟವೆಂದರೆ ನಿಧಾನವಾಗಿ ಉರಿಯುವ ಬೆಂಕಿ ಎಂಬ ನಿರ್ಣಯಕ್ಕೆ ಬಂದರು. ಅಂಥ ಲವೋಸಿಯೆಯ ತಲೆಯನ್ನು 1794ರಲ್ಲಿ ಕ್ರಾಂತಿಯ ಗಿಲೊಟಿನ್ ಕತ್ತರಿಸಿತು.

ಮನುಷ್ಯನನ್ನು ಹೀಗೆ ಅಳೆಯಲು ಇನ್ನೂ ನೂರು ವರ್ಷ ಬೇಕಾಯಿತು. ಅಮೆರಿಕೆಯ ಮಿಡ್ಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಮತ್ತು ರೋಸಾ ಎಂಬವರು 1890ರ ದಶಕದಲ್ಲಿ ಒಂದು ಮುಚ್ಚಿದ ಕೋಣೆಯನ್ನು ಕಟ್ಟಿದರು. ಒಳಗೆ ಸೇರಿದವನು ದಿನಗಟ್ಟಲೆ ಅಲ್ಲೇ ಉಂಡು, ಮಲಗಿ, ನಿಂತಲ್ಲೇ ನಿಂತ ಸೈಕಲನ್ನು ತುಳಿಯಬೇಕು. ಅವನು ಹೊರಹಾಕಿದ ಶಾಖವೂ ಉಸಿರೂ ಚಾಚೂ ತಪ್ಪದೆ ಲೆಕ್ಕಕ್ಕೆ ಬರುತ್ತಿದ್ದವು. ಇದು ನಿಜವಾದ ಅಳತೆ. ಆದರೆ ಊರಿನವರೆಲ್ಲರನ್ನೂ ಕೋಣೆಯಲ್ಲಿ ಕೂಡಿಹಾಕುವುದು ಸಾಧ್ಯವೆ? ಆಗ ಹುಟ್ಟಿಕೊಂಡದ್ದು ಸೂತ್ರ.

ಆಟ್‌ವಾಟರ್ ಅವರ ಸಹಾಯಕರಾಗಿದ್ದ ಫ್ರಾನ್ಸಿಸ್ ಬೆನೆಡಿಕ್ಟ್ ಅವರು ಹ್ಯಾರಿಸ್ ಎಂಬವರೊಡನೆ 1919ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 136 ಪುರುಷರು ಮತ್ತು 103 ಸ್ತ್ರೀಯರು ಸುಮ್ಮನೆ ಮಲಗಿದ್ದಾಗ ಎಷ್ಟು ಶಕ್ತಿ ವ್ಯಯಿಸುತ್ತಾರೆಂದು ಅಳೆದು, ಅದರಿಂದ ಒಂದು ಸೂತ್ರವನ್ನು ಕಟ್ಟಿದರು. ಗಂಡೋ ಹೆಣ್ಣೋ, ತೂಕ, ಎತ್ತರ, ವಯಸ್ಸು ಎಂಬ ನಾಲ್ಕು ವಿವರ ಕೊಟ್ಟರೆ ಯಾರ ವಿಶ್ರಾಂತಿ ಖರ್ಚನ್ನಾದರೂ ಹೇಳಬಹುದು. ಹೊಸ ವಾಚನ್ನು ಕಟ್ಟಿಕೊಂಡ ದಿನ ಅದು ನಮ್ಮನ್ನು ಕೇಳುವುದೂ ಇದೇ ನಾಲ್ಕು ಪ್ರಶ್ನೆಗಳನ್ನು! ಕಂಪನಿಗಳು ತಮ್ಮ ಸೂತ್ರವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಆದರೆ ಅದು ಇದೇ ವಂಶದ್ದೆಂದು ಈ ಪ್ರಶ್ನೆಗಳಿಂದಲೇ ಊಹಿಸಬಹುದು.

ಅಮೆರಿಕೆಯ ಮೈಗೆ ಹೊಲಿದ ಅಂಗಿ ನಮಗೆ ಒಗ್ಗುವುದೆ? ಈ ಪ್ರಶ್ನೆಗೆ ನಮ್ಮ ದಕ್ಷಿಣದಲ್ಲಿಯೇ ಉತ್ತರ ದೊರೆಯಿತು. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲೀನರ್ ಮೇಸನ್ ಅವರು ಅದೇ ಬೆನೆಡಿಕ್ಟ್ ಅವರೊಡನೆ ಸೇರಿ ದಕ್ಷಿಣ ಭಾರತದ ಸ್ತ್ರೀಯರನ್ನು ಪರೀಕ್ಷಿಸಿ 1931ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರ ವಿಶ್ರಾಂತಿ ಖರ್ಚು ಅಮೆರಿಕೆಯ ಮಾನಕಕ್ಕಿಂತ ಶೇಕಡಾ 17ರಷ್ಟು ಕಡಮೆಯಿತ್ತು. ಮೇಸನ್ ಅವರು ಮುಂದೆ ನಮ್ಮ ಮುಂಬಯಿಯಲ್ಲಿದ್ದ ಭಾರತೀಯ ಹಾಗೂ ಯುರೋಪಿಯನ್ ಸ್ತ್ರೀಯರನ್ನೂ ಹೋಲಿಸಿ, 1964ರಲ್ಲಿ ಸಂಗಡಿಗರೊಡನೆ ಲೇಖನ ಬರೆದರು.

ಇಷ್ಟಾದರೂ 1985ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಜಗತ್ತಿಗೆಲ್ಲ ಒಂದೇ ಸೂತ್ರವನ್ನು ಕೊಟ್ಟವು. ಅದಕ್ಕೆ ಆಧಾರವಾದ ಸುಮಾರು 7,000 ಅಳತೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಟಲಿ ದೇಶದವರದ್ದು. ಅವರಲ್ಲಿ ಸೈನಿಕರೂ ಗಣಿಕೆಲಸದವರೂ ಇದ್ದರು. ಆಗ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸೋರೆಸ್ ಮತ್ತು ಪ್ರಕಾಶ ಶೆಟ್ಟಿ ಅವರು ಈ ಸೂತ್ರವನ್ನು ನಮ್ಮವರ ಮೇಲೆ ಒರೆಗೆ ಹಚ್ಚಿದರು. ಸೂತ್ರವು ಭಾರತೀಯರ ಖರ್ಚನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು 1988ರಲ್ಲಿ ವರದಿ ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಜ್ಞರೂ 1989ರಲ್ಲಿ ನಮ್ಮ ಜನರಿಗೆ ಶೇಕಡಾ 5ರಷ್ಟು ಇಳಿಸಿಯೇ ಲೆಕ್ಕ ಹಿಡಿದರು.

ಹಾಗಾದರೆ ನಮ್ಮ ರಕ್ತದಲ್ಲೇ ಏನೋ ಕೊರತೆಯಿದೆಯೆ? ಇಲ್ಲ. 1998ರಲ್ಲಿ ಸೋರೆಸ್, ಶೆಟ್ಟಿ ಮತ್ತು ಸಂಗಡಿಗರು ಭಾರತ ಮತ್ತು ಆಸ್ಟ್ರೇಲಿಯದ ಅಳತೆಗಳನ್ನು ಎದುರುಬದುರಾಗಿಟ್ಟು ನೋಡಿದಾಗ, ದೇಹರಚನೆಯ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಜನಾಂಗದ ಪ್ರಭಾವಕ್ಕೆ ಆಧಾರವೇ ಕಾಣಲಿಲ್ಲ. ವ್ಯತ್ಯಾಸವಿರುವುದು ಮಾಂಸಖಂಡಕ್ಕೂ ಕೊಬ್ಬಿಗೂ ಇರುವ ಪ್ರಮಾಣದಲ್ಲಿ. ಪುಣೆಯ ಡಾ. ಯಾಜ್ಞಿಕ್ ಅವರು 2004ರಲ್ಲಿ ಇದಕ್ಕೆ ಸೊಗಸಾದ ನಿದರ್ಶನ ಕೊಟ್ಟರು. ಅವರೂ ಅವರ ಆಂಗ್ಲ ಮಿತ್ರ ಯಡ್ಕಿನ್ ಅವರೂ ಎತ್ತರಕ್ಕೆ ತಕ್ಕ ತೂಕದ ಸೂಚಿಯಲ್ಲಿ ಸರಿಸಮಾನರು, ಇಬ್ಬರದೂ 22.3. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ಮಾಂಸಖಂಡವು ಕೊಬ್ಬಿಗಿಂತ ಹೆಚ್ಚು ಇಂಧನ ಬೇಡುತ್ತದೆ. ತೂಕ, ಎತ್ತರಗಳನ್ನು ಮಾತ್ರ ಕೇಳುವ ವಾಚಿಗೆ ಈ ಭೇದ ಹೇಗೆ ತಿಳಿಯಬೇಕು?

ವಾಚನ್ನೇ ನೇರವಾಗಿ ಪರೀಕ್ಷಿಸಿದವರೂ ಉಂಟು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 60 ಮಂದಿಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ, ಉಸಿರಿನ ಯಂತ್ರದೊಡನೆ ತಾಳೆ ನೋಡಿದ ವರದಿ 2017ರಲ್ಲಿ ಬಂತು. ನಾಡಿಬಡಿತದ ವಿಷಯದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇಕಡಾ 5ಕ್ಕಿಂತ ಕಡಮೆ, ಇದು ಮೆಚ್ಚತಕ್ಕದ್ದೇ. ಕ್ಯಾಲೊರಿಯ ವಿಷಯದಲ್ಲಿಯಾದರೋ ಎಲ್ಲಕ್ಕಿಂತ ಒಳ್ಳೆಯದು ಶೇಕಡಾ 27ರಷ್ಟು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು ತಪ್ಪಿತು. ಕಪ್ಪು ಮೈಬಣ್ಣದವರಲ್ಲಿ, ಸ್ಥೂಲದೇಹಿಗಳಲ್ಲಿ ಮತ್ತು ನಡಿಗೆಯ ವೇಳೆಯಲ್ಲಿ ಸಾಧನಗಳ ತಪ್ಪು ಇನ್ನೂ ಹೆಚ್ಚೆಂದು ಅದೇ ವರದಿ ಹೇಳಿತು. ಅದು ಆ ಕಾಲದ ಸಾಧನಗಳ ಮಾತು, ನಿಜ. ಆದರೆ ವಾಚು ಅಳೆಯುವುದು ಕೈಯ ಅಲುಗಾಟವನ್ನು ಮತ್ತು ಚರ್ಮದಡಿಯ ರಕ್ತದ ಮಿಡಿತವನ್ನು ಮಾತ್ರ. ಕ್ಯಾಲೊರಿಯನ್ನು ಇವುಗಳಿಂದ ಅಂದಾಜು ಮಾಡುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದು ರಶೀತಿಯಿಲ್ಲದೆ ಸಲ್ಲಿಸಿದ ಪ್ರಯಾಣಭತ್ಯೆಯ ಬಿಲ್ಲು.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ನಿಜವಾದ ಖರ್ಚು 300 ಕ್ಯಾಲೊರಿ ಎಂದಿಟ್ಟುಕೊಂಡರೆ, ಶೇಕಡಾ 27ರ ತಪ್ಪಿನ ವಾಚು 380 ಎನ್ನಬಹುದು, 220 ಎಂದೂ ಎನ್ನಬಹುದು. ಇಲ್ಲದ ಆ 80ನ್ನು ದಿನವೂ ತಿಂದರೆ ತಿಂಗಳಿಗೆ 2,400 ಕ್ಯಾಲೊರಿಯಾಯಿತು. ಸುಮಾರು 300 ಗ್ರಾಂ ಕೊಬ್ಬಿಗೆ ಸಮ. ಇನ್ನೊಂದು ಮಾತು. 70 ಕಿಲೋ ತೂಕದವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು ಸುಮಾರು 115 ಕ್ಯಾಲೊರಿ. ಅದರಲ್ಲಿ 35ರಷ್ಟು ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ಹೀಗಿರುವಲ್ಲಿ, ನಡೆದುಬಂದ ಸಂತೋಷಕ್ಕೆ ಸ್ಟೇಷನ್ನಿನ ಬಳಿ ಒಂದು ವಡಾ ಪಾವ್ ತಿಂದರೆ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ.

ಅಮೆರಿಕೆಯಲ್ಲಿ 471 ಮಂದಿ ಸ್ಥೂಲದೇಹಿ ತರುಣ ತರುಣಿಯರ ಮೇಲೆ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೂ ಇಲ್ಲಿ ಸ್ಮರಣೀಯ. ಪಥ್ಯ, ವ್ಯಾಯಾಮಗಳ ಸಲಹೆ ಎಲ್ಲರಿಗೂ ಇತ್ತು. ಸಾಧನ ಕಟ್ಟಿಕೊಂಡವರು ಸರಾಸರಿ 3.5 ಕಿಲೋ ಇಳಿದರು; ಕಟ್ಟಿಕೊಳ್ಳದವರು 5.9 ಕಿಲೋ.

ಹಾಗೆಂದು ವಾಚನ್ನು ಕಡಲಿಗೆ ಎಸೆಯಿರೆಂದು ನಾವು ಹೇಳುವುದಿಲ್ಲ. ನಿನ್ನೆಗಿಂತ ಇಂದು ಹೆಚ್ಚು ನಡೆದೆವೋ ಇಲ್ಲವೋ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಕ್ಯಾಲೊರಿಯ ಅಂಕಿಯನ್ನು ಮಾತ್ರ ಊಟದ ಪರವಾನಗಿಯೆಂದು ತಿಳಿಯಬಾರದು. ಸಕ್ಕರೆ ಕಾಯಿಲೆಯವರಂತೂ ಅದನ್ನು ನೋಡಿ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಹೆಚ್ಚು ಕಡಮೆ ಮಾಡಕೂಡದು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ ನೋಡುವುದು, ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ಹಿಡಿಯುವುದು ಇದಕ್ಕಿಂತ ನಂಬತಕ್ಕ ಲೆಕ್ಕ. ನಮ್ಮ ಜನರಲ್ಲಿ ಆ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂದು ತಜ್ಞರ ಮತ. ಆಟ್‌ವಾಟರ್ ಕೋಣೆಯಲ್ಲಿ ಕೂರುವ ಭಾಗ್ಯ ನಮಗಿಲ್ಲದಿದ್ದರೂ, ದರ್ಜಿಯ ಆ ಟೇಪು ಪ್ರತಿ ಕನ್ನಡಿಗನ ಮನೆಯ ಹೊಲಿಗೆ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.