‘ನಟ್ಸ್’: ಒಂದು ಪದದ ಉತ್ತರ



ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ‘ಹಿ ಈಸ್ ನಟ್ಸ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಅವನು ಗೋಡಂಬಿ, ಸಾರ್” ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ತಡೆಯಬೇಕಾಗಿದ್ದ ನಾನೂ ನಕ್ಕೆ. ಆ ವರ್ಷವಿಡೀ ಆ ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ.

ಅವನ ಉತ್ತರದಲ್ಲಿ ತರ್ಕವಿತ್ತು. ‘ನಟ್’ ಎಂಬುದು ಹಳೆಯ ಇಂಗ್ಲಿಷಿನ ‘ಹ್ನುಟು’ ಎಂಬ ಪದದಿಂದ ಬಂದದ್ದು; ಗಟ್ಟಿ ಚಿಪ್ಪಿನ ಕಾಯಿ ಎಂದೇ ಅದರ ಅರ್ಥ. 19ನೆಯ ಶತಮಾನದ ಆಡುಮಾತಿನಲ್ಲಿ ಅದು ಮನುಷ್ಯನ ತಲೆಗೂ ಹೆಸರಾಯಿತು. ತಲೆ ಸ್ಥಿಮಿತದಲ್ಲಿ ಇಲ್ಲದವನು ಕ್ರಮೇಣ ‘ನಟ್ಸ್’ ಎನಿಸಿಕೊಂಡ. ಇದು ನಮಗೆ ಅಪರಿಚಿತವಾದ ದಾರಿಯೇನಲ್ಲ. ಸೋರೆಬುರುಡೆ ನಮ್ಮಲ್ಲಿ ತಲೆಬುರುಡೆಯಾಗಿದೆ. ಸುಳ್ಳು ಜಂಭ ಕೊಚ್ಚುವುದು ‘ಬುರುಡೆ ಬಿಡುವುದು’ ಆಗಿದೆ. ಅಮೆರಿಕದವರಾದರೋ ತಾತ್ಸಾರದಿಂದ ತಿರಸ್ಕರಿಸುವಾಗಲೂ ‘ನಟ್ಸ್!’ ಎಂದು ಉದ್ಗರಿಸುತ್ತಿದ್ದರು. ಈ ಕೊನೆಯ ಅರ್ಥವೇ ಎರಡನೆಯ ಮಹಾಯುದ್ಧದಲ್ಲಿ ಚರಿತ್ರೆಗೆ ಸೇರಿತು.

1944ರ ಡಿಸೆಂಬರ್ 16ರಂದು ಜರ್ಮನ್ ಸೇನೆ ಆರ್ಡೆನ್ ಅರಣ್ಯಪ್ರದೇಶದಲ್ಲಿ ಹಠಾತ್ತನೆ ದಾಳಿ ಆರಂಭಿಸಿತು. ಅಲ್ಲಿ ಬೆಲ್ಜಿಯಂ ದೇಶದ ಬಾಸ್ತೋನ್ ಎಂಬ ಸಣ್ಣ ಪಟ್ಟಣವಿದೆ. ಹಲವು ಮುಖ್ಯ ರಸ್ತೆಗಳು ಕೂಡುವ ಸ್ಥಳವಾದ್ದರಿಂದ ಅದು ಎರಡೂ ಪಕ್ಷಗಳಿಗೆ ಬೇಕಾಗಿತ್ತು. ಅಮೆರಿಕದ 101ನೆಯ ವಾಯುವಾಹಿತ ಪಡೆ ಅಲ್ಲಿ ಸುತ್ತುವರಿಯಲ್ಪಟ್ಟಿತು. ಕೊರೆಯುವ ಚಳಿ, ಮದ್ದುಗುಂಡು, ಔಷಧಗಳ ಅಭಾವ. ಪಡೆಯ ಮುಖ್ಯಸ್ಥ ಸ್ವದೇಶಕ್ಕೆ ಹೋಗಿದ್ದುದರಿಂದ ಅಧಿಕಾರ ಜನರಲ್ ಆಂತೊನಿ ಮೆಕಾಲಿಫ್ ಅವರ ಕೈಯಲ್ಲಿತ್ತು.

ಡಿಸೆಂಬರ್ 22ರಂದು ನಾಲ್ವರು ಜರ್ಮನರು ಬಿಳಿ ಬಾವುಟ ಹಿಡಿದು ಬಂದರು. ಎರಡು ಗಂಟೆಗಳೊಳಗೆ ಶರಣಾಗದಿದ್ದರೆ ಫಿರಂಗಿಗಳಿಂದ ನಾಶಮಾಡುವುದಾಗಿ ಅವರು ತಂದ ಪತ್ರದಲ್ಲಿ ಬರೆದಿತ್ತು. ವಿಷಯ ಕೇಳಿದೊಡನೆ ಮೆಕಾಲಿಫ್ ಬಾಯಿಂದ ಹೊರಟ ಉದ್ಗಾರ ‘ನಟ್ಸ್!’. ಲಿಖಿತ ಉತ್ತರವಾಗಿ ಏನು ಬರೆಯುವುದೆಂದು ಅವರು ಯೋಚಿಸುತ್ತಿದ್ದಾಗ, ಮೊದಲು ಆಡಿದ ಮಾತೇ ಸಾಕೆಂದು ಕಿನಾರ್ಡ್ ಎಂಬ ಅಧಿಕಾರಿ ಸಲಹೆಯಿತ್ತರು. ಆ ಒಂದೇ ಪದವನ್ನು ಬೆರಳಚ್ಚು ಮಾಡಿಸಿ ಕಳುಹಿಸಲಾಯಿತು.

ಪತ್ರ ಒಯ್ದವರು ಕರ್ನಲ್ ಹಾರ್ಪರ್. ಇಂಗ್ಲಿಷ್ ಬಲ್ಲ ಜರ್ಮನ್ ಅಧಿಕಾರಿಗೂ ಅದು ಅರ್ಥವಾಗಲಿಲ್ಲ. ಇದು ಒಪ್ಪಿಗೆಯೋ ನಿರಾಕರಣೆಯೋ ಎಂದು ಅವನು ವಿಚಾರಿಸಿದ. ಖಂಡಿತ ಒಪ್ಪಿಗೆಯಲ್ಲ ಎಂದ ಹಾರ್ಪರ್, ಕೊನೆಗೆ ‘ಹಾಳಾಗಿ ಹೋಗಿ’ ಎಂಬುದೇ ಇದರ ಅರ್ಥವೆಂದು ಬಿಡಿಸಿ ಹೇಳಬೇಕಾಯಿತು. ಮರುದಿನ ಹವೆ ತಿಳಿಯಾಗಿ, ವಿಮಾನಗಳಿಂದ ಸಾಮಗ್ರಿ ಇಳಿಯಿತು. ಡಿಸೆಂಬರ್ 26ರಂದು ಜನರಲ್ ಪ್ಯಾಟನ್ನರ ಸೇನೆಯ ಟ್ಯಾಂಕುಗಳು ಮುತ್ತಿಗೆಯನ್ನು ಭೇದಿಸಿ ಒಳಬಂದವು. ಪಟ್ಟಣವನ್ನು ಉಳಿಸಿದ್ದು ಒಂದು ಪದವಲ್ಲ. ಹಿಮದಲ್ಲಿ ನಿಂತು ಹೋರಾಡಿದ, ಮಡಿದ ಸೈನಿಕರು. ಆ ಪದ ಅವರ ಮನೋಧರ್ಮಕ್ಕೆ ಬಾಯಾಯಿತು, ಅಷ್ಟೆ.

ಬಾಸ್ತೋನಿನ ಮುಖ್ಯ ಚೌಕಕ್ಕೆ ಇಂದು ಮೆಕಾಲಿಫ್ ಹೆಸರಿದೆ. ಡಿಸೆಂಬರಿನ ವಾರ್ಷಿಕ ಸ್ಮರಣೆಯಲ್ಲಿ ಪುರಭವನದ ಮೇಲಿನಿಂದ ನೆರೆದ ಜನರತ್ತ ಅಕ್ರೋಟುಗಳನ್ನು ಎಸೆಯುತ್ತಾರೆ. ಬೈಗುಳವಾಗಿದ್ದ ಪದ ಹೀಗೆ ಮರಳಿ ತಿನ್ನುವ ಕಾಯಿಯಾಗಿದೆ. ಮಕ್ಕಳು ಅದನ್ನು ಆಯ್ದುಕೊಳ್ಳುತ್ತಾರೆ.

ಈ ವೃತ್ತಾಂತವನ್ನು ಓದಿದಾಗಲೆಲ್ಲ ನನಗೆ ಆ ಹಿಂದಿನ ಸಾಲಿನ ಹುಡುಗ ನೆನಪಾಗುತ್ತಾನೆ. ಯುದ್ಧಭೂಮಿಯಲ್ಲಿ ಶತ್ರುವಿಗೂ ಪದದ ಅರ್ಥವನ್ನು ಬಿಡಿಸಿ ಹೇಳಿದರು. ನಾನು ನನ್ನ ವಿದ್ಯಾರ್ಥಿಗೆ ಹೇಳದೆ ನಕ್ಕುಬಿಟ್ಟೆ. ಅಪ್ಪಾ, ಈ ಪುಟ ನಿನ್ನ ಕಣ್ಣಿಗೆ ಬಿದ್ದರೆ ಮೇಷ್ಟ್ರನ್ನು ಕ್ಷಮಿಸು. ನಿನ್ನ ಗೋಡಂಬಿ ಪೂರ್ತಿ ತಪ್ಪಾಗಿರಲಿಲ್ಲ.