ಹಳದಿ ಪ್ರಶ್ನೆಯ ಹಿಂದಿನ ಸಂಖ್ಯೆಗಳು

ಭದ್ರಾವತಿಯ ಗೆಳೆಯನ ಅಜ್ಜ ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು 2007ರಲ್ಲಿ ನಿವೃತ್ತರಾದವರು ಅವರು. ಕೊನೆಯ ಆಯುಧಪೂಜೆಯ ದಿನ, ಹೂವು ಕುಂಕುಮ ಹಚ್ಚಿಸಿಕೊಂಡು ನಿಂತಿದ್ದ ಶಾಪಿನ ಯಂತ್ರಗಳ ಫೋಟೊ ತೆಗೆದಿದ್ದರಂತೆ. ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷ ಆಯಿತು. ಫೋಟೊಗಳ ಇನ್ನೊಂದು ಪ್ರತಿ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿತ್ತು. ಅದು ಆನ್ ಆಗುತ್ತಿಲ್ಲವೆಂದು ಗೆಳೆಯ ಶಿವಮೊಗ್ಗದ ಅಂಗಡಿಯೊಂದಕ್ಕೆ ಒಯ್ದ. ಅವರು ಹೊಸದಾಗಿ ವಿಂಡೋಸ್ ಎಕ್ಸ್‌ಪಿ ಹಾಕಿ ಕೊಟ್ಟರು. ಸಿ ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಯಿತು. ಉಳಿದದ್ದು ಈ ಕಾರ್ಡು.

ಭದ್ರಾವತಿಯ ಕಾರ್ಮಿಕರ ಬದುಕಿನ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಆ ಫೋಟೊಗಳು ಬೇಕಿದ್ದವು. ಕಾರ್ಖಾನೆಯ ಬಗ್ಗೆ ಕಾಗದಪತ್ರಗಳಿಗೆ ಬರವಿಲ್ಲ. 1918ರಲ್ಲಿ ಕೆಲಸ ಆರಂಭವಾದದ್ದು, 1923ರಲ್ಲಿ ಕುಲುಮೆ ಹೊತ್ತಿದ್ದು, ಕಲ್ಲಿದ್ದಲಿನ ಬದಲು ಮಲೆನಾಡಿನ ಕಾಡಿನ ಸೌದೆಯಿದ್ದಿಲು ಉರಿಸಿದ್ದು, ವಿಶ್ವೇಶ್ವರಯ್ಯನವರು ಹೊಣೆ ಹೊತ್ತದ್ದು, 1989ರಲ್ಲಿ ಸೇಲ್ ಸಂಸ್ಥೆಯ ತೆಕ್ಕೆಗೆ ಹೋದದ್ದು ಎಲ್ಲವೂ ಸಿಗುತ್ತವೆ. ಒಬ್ಬ ಕೆಲಸಗಾರ ದಿನವೂ ಯಾವ ಯಂತ್ರದ ಮುಂದೆ ನಿಲ್ಲುತ್ತಿದ್ದ, ಅದನ್ನು ಏನೆಂದು ಕರೆಯುತ್ತಿದ್ದ ಎಂಬುದು ಮಾತ್ರ ಸಿಗುವುದಿಲ್ಲ.

ಕಾರ್ಡು ಎಕ್ಸ್‌ಡಿ ಎಂಬ ಜಾತಿಯದು. 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕಂಪನಿಗಳು ತಮ್ಮ ಕ್ಯಾಮೆರಾಗಳಿಗೆಂದು ತಂದದ್ದು. ಎಂಟು ವರ್ಷದೊಳಗೆ ಆ ಕಂಪನಿಗಳೇ ಅದರ ಕೈಬಿಟ್ಟು ಎಸ್‌ಡಿ ಕಾರ್ಡಿಗೆ ಬಂದವು. ಈಗಿನ ರೀಡರುಗಳಲ್ಲಿ ಅದು ಕೂರುವುದೇ ಇಲ್ಲ. ಆದರೆ ಅಜ್ಜನ ಲ್ಯಾಪ್‌ಟಾಪಿನ ಬದಿಯ ಸಂದಿಯಲ್ಲಿ ಸರಿಯಾಗಿ ಕೂತಿತು. ಕೂತಿತು ಅಷ್ಟೆ, ಪರದೆಯ ಮೇಲೆ ಏನೂ ಬರಲಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅದರಲ್ಲಿ ಮೂರಕ್ಕೆ ಒಂದೇ ಹೆಸರು: ‘ಬೇಸ್ ಸಿಸ್ಟಮ್ ಡಿವೈಸ್’. ಹೀಗೆಂದರೆ ಏನೂ ಹೇಳಿದಂತಲ್ಲ. ‘ಮನೆಯಲ್ಲಿ ಯಾರೋ ಇದ್ದಾರೆ’ ಎಂದ ಹಾಗೆ. ಆದರೆ ಅದರ ಮೇಲೆ ಎರಡು ಬಾರಿ ಒತ್ತಿ ‘ಡೀಟೇಲ್ಸ್’ ಪುಟಕ್ಕೆ ಹೋದರೆ ಉದ್ದನೆಯದೊಂದು ಸಾಲು ಕಾಣುತ್ತದೆ. ಅದರೊಳಗೆ ‘ವೆನ್ 1180’ ಎಂದೂ ‘ಡೆವ್ 0592’ ಎಂದೂ ಇತ್ತು. ಉಳಿದೆರಡರಲ್ಲಿ 1180 ಹಾಗೇ ಇದ್ದು, ಕೊನೆಯ ಸಂಖ್ಯೆ ಮಾತ್ರ 0843, 0852 ಎಂದು ಬದಲಾಗಿತ್ತು.

ಈ ಸಂಖ್ಯೆಗಳಿಗೊಂದು ಚರಿತ್ರೆಯಿದೆ. 1981ರ ಐಬಿಎಂ ಪಿಸಿಯ ಕಾಲದಲ್ಲಿ ಒಳಗೆ ಸಿಕ್ಕಿಸಿದ ಕಾರ್ಡಿಗೆ ತಾನು ಯಾರೆಂದು ಹೇಳುವ ಬಾಯಿಯೇ ಇರಲಿಲ್ಲ. ಅದರ ಮೇಲಿನ ಪುಟ್ಟ ಜಂಪರುಗಳನ್ನು ಕೈಯಿಂದ ಕಿತ್ತು ಹಾಕಿ ಅದಕ್ಕೊಂದು ಜಾಗ ಗೊತ್ತುಮಾಡಬೇಕಿತ್ತು. ಎರಡು ಕಾರ್ಡುಗಳಿಗೆ ಒಂದೇ ಜಾಗ ಕೊಟ್ಟರೆ ಜಗಳ ಬಿದ್ದು ಎರಡೂ ಕೆಲಸ ನಿಲ್ಲಿಸಬಹುದು. 1992ರಲ್ಲಿ ಇಂಟೆಲ್ ಕಂಪನಿ ಪಿಸಿಐ ಎಂಬ ವ್ಯವಸ್ಥೆ ತಂದಾಗ ಪ್ರತಿ ಸಾಧನದೊಳಗೂ 256 ಬೈಟುಗಳ ಒಂದು ಪರಿಚಯ ಚೀಟಿ ಇರಬೇಕೆಂದಾಯಿತು. ಚೀಟಿಯ ಮೊದಲಲ್ಲೇ ಎರಡು ಸಂಖ್ಯೆ: ಮಾಡಿದ ಕಂಪನಿ ಯಾವುದು, ಅದರ ಎಷ್ಟನೆಯ ಸಾಧನ ಇದು. ಕಂಪನಿಗಳ ಸಂಖ್ಯೆಯನ್ನು ಒಂದು ಒಕ್ಕೂಟ ಹಂಚುತ್ತದೆ. ಇಂಟೆಲ್ ತನಗೆಂದು 8086 ಇಟ್ಟುಕೊಂಡಿತು, ಅದು 1978ರಲ್ಲಿ ತಾನೇ ಮಾಡಿದ್ದ ಪ್ರೊಸೆಸರಿನ ಹೆಸರು. ವಿಂಡೋಸ್ 95 ಬಂದಾಗ ‘ಪ್ಲಗ್ ಆಂಡ್ ಪ್ಲೇ’ ಎಂದು ಸಾರಿದ್ದರ ಹಿಂದೆ ಇಂಥ ಚೀಟಿಗಳೇ ಇದ್ದವು. ಎಷ್ಟೋ ಸಲ ಅದು ಆಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಚರಿತ್ರೆಯ ವಿದ್ಯಾರ್ಥಿಗೆ ಈ ಕ್ರಮ ಹೊಸದಲ್ಲ. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ, ಪ್ರಕಟಿಸಿದಾಗ ಮಾಡಿದ್ದೂ ಇದನ್ನೇ: ಮೊದಲು ತಾಲ್ಲೂಕು, ಆಮೇಲೆ ಸಂಖ್ಯೆ. ಶಿಕಾರಿಪುರ 176 ಎಂದರೆ ಸಾಕು, ತಾಳಗುಂದದ ಕದಂಬರ ಸ್ತಂಭ ಶಾಸನ ಎಂದು ಓದಿದವರಿಗೆ ಗೊತ್ತಾಗುತ್ತದೆ. ಆದರೆ ಅದು ಗೊತ್ತಾಗಬೇಕಾದರೆ ಪಟ್ಟಿ ಕೈಯಲ್ಲಿರಬೇಕು. ಎಕ್ಸ್‌ಪಿಯ ಹತ್ತಿರ ಸಂಖ್ಯೆ ಇತ್ತು, ಈ ಸಂಖ್ಯೆಗೆ ಹೆಸರಿರುವ ಪಟ್ಟಿ ಇರಲಿಲ್ಲ. ತಾನು ಹುಟ್ಟಿದ 2001ರ ನಂತರದ ಚಿಪ್ಪುಗಳು ಅದಕ್ಕೆ ಹೇಗೆ ಗೊತ್ತಿರಬೇಕು?

ಪಟ್ಟಿ ಲಿನಕ್ಸಿನಲ್ಲಿತ್ತು. ಜೆಕ್ ಪ್ರೋಗ್ರಾಮರ್ ಮಾರ್ಟಿನ್ ಮಾರೆಶ್ ಶುರುಮಾಡಿದ, ಲೋಕದ ಎಲ್ಲ ಕಡೆಯ ಸ್ವಯಂಸೇವಕರು ಸೇರಿಸುತ್ತ ಬಂದ ಕಡತ ಅದು. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ‘ಎಲ್‌ಎಸ್‌ಪಿಸಿಐ’ ಎಂಬ ಒಂದು ಆದೇಶ ಕೊಟ್ಟೆ. ಇಂಟರ್‌ನೆಟ್ ಬೇಕಾಗಲಿಲ್ಲ. 1180 ಎಂದರೆ ಜಪಾನಿನ ರಿಕೋ ಕಂಪನಿ. 0592 ಮೆಮೊರಿ ಸ್ಟಿಕ್ ಓದುವುದು, 0843 ಎಂಎಂಸಿ ಕಾರ್ಡಿನದು, 0852 ನನಗೆ ಬೇಕಾದ ಎಕ್ಸ್‌ಡಿ. ಹೆಸರು ತಿಳಿದ ಮೇಲೆ ಕಂಪನಿಯ ಬಗ್ಗೆ ಓದುತ್ತ ಕೂತೆ (ಪಿಎಚ್‌ಡಿ ಮಾಡುವವರು ಹೀಗೆ ದಾರಿ ತಪ್ಪುವುದರಲ್ಲಿ ನಿಸ್ಸೀಮರು). ರಿಕೋ ಹುಟ್ಟಿದ್ದು 1936ರಲ್ಲಿ, ಫೋಟೊ ಪ್ರತಿ ತೆಗೆಯುವ ಕಾಗದ ಮಾಡಲು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದೂ ಅದೇ ವರ್ಷ. ಕಾಗದದಿಂದ ಹೊರಟ ಒಂದು ಚಿಪ್ಪಿನವರೆಗೆ ಹೋಯಿತು, ಇನ್ನೊಂದರ ಯಂತ್ರಗಳು ನಿಂತುಹೋದವು.

ಇನ್ನು ಡ್ರೈವರ್. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ಈ ಮಾಡೆಲ್ಲಿನ ಪುಟವೇ ಇರಲಿಲ್ಲ. ‘ಎಲ್ಲ ಡ್ರೈವರುಗಳನ್ನೂ ಉಚಿತವಾಗಿ ಹುಡುಕಿಕೊಡುತ್ತೇವೆ’ ಎನ್ನುವ ತಂತ್ರಾಂಶಗಳ ಬಗ್ಗೆ ಗೆಳೆಯನಿಗೆ ಆಸೆಯಿತ್ತು. ಬೇಡವೆಂದೆ. ಅವುಗಳಲ್ಲಿ ಹಲವು ಜಾಹೀರಾತನ್ನೋ ಇನ್ನೂ ಕೆಟ್ಟದ್ದನ್ನೋ ಜೊತೆಗೆ ತಂದು ಬಿಟ್ಟುಹೋಗುತ್ತವೆ. ದಾರಿ ಬೇರೆ ಇತ್ತು. ಚಿಪ್ಪು ಮಾಡಿದ್ದು ರಿಕೋ, ಲ್ಯಾಪ್‌ಟಾಪ್ ಕಂಪನಿಯಲ್ಲ. ಅದೇ ಚಿಪ್ಪನ್ನು ಬೇರೆ ಕಂಪನಿಗಳೂ ಬಳಸಿರುತ್ತವೆ. ಡ್ರೈವರಿನ ಜೊತೆ ಬರುವ ಐಎನ್‌ಎಫ್ ಕಡತ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲಿ ಓದಬಹುದು, ಯಾವ ಸಂಖ್ಯೆಗಳಿಗೆ ತಾನು ಹೊಂದುತ್ತೇನೆಂದು ಅದರಲ್ಲೇ ಬರೆದಿರುತ್ತದೆ. ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದಿದ್ದ, ಬೇರೊಂದು ಕಂಪನಿಯ ಲ್ಯಾಪ್‌ಟಾಪಿನ ಹಳೇ ಕಟ್ಟು ಇಳಿಸಿಕೊಂಡೆ. ಐಎನ್‌ಎಫ್‌ನಲ್ಲಿ 1180 ಇತ್ತು, 0852 ಇತ್ತು. ಇದಕ್ಕೆ ಮುಂಚೆ ಎರಡು ಕಟ್ಟು ಇಳಿಸಿ, ಸಂಖ್ಯೆ ಸಿಗದೆ ಅಳಿಸಿದ್ದೆ. ಅಜ್ಜ ಕಾಫಿ ಲೋಟ ಹಿಡಿದು ಬಂದು, ಲಾರಿಗೆ ಆಳು ಹುಡುಕುವವರಂತೆ, “ಡ್ರೈವರ್ ಸಿಕ್ಕಿದ್ನೇನೋ ತಮ್ಮಾ?” ಎಂದು ಕೇಳಿದ್ದು ಆಗಲೇ.

ಡ್ರೈವರ್ ಸಿಕ್ಕ, ಕಾರ್ಡು ತೆರೆಯಿತು. ಮೊದಲು ಪೆನ್‌ಡ್ರೈವಿಗೂ ನನ್ನ ಹಾರ್ಡ್ ಡಿಸ್ಕಿಗೂ ಒಂದೊಂದು ಪ್ರತಿ ಮಾಡಿದೆ. ಆಮೇಲೆ ನೋಡಿದೆವು. ಚೆಂಡುಹೂವಿನ ಹಾರ ಹಾಕಿದ ಲೇತುಗಳು, ಕ್ರೇನಿನ ಕೊಕ್ಕೆಗೆ ಕಟ್ಟಿದ ಬಾಳೆಕಂದು, ಬೂದುಗುಂಬಳ. ಅಜ್ಜ ಆಗ ಬೆರಳಚ್ಚು ಮಾಡಿಟ್ಟಿದ್ದ ವಿವರಗಳ ಕಡತ ಡಿ ಡ್ರೈವಿನಲ್ಲಿ ಉಳಿದಿತ್ತು. ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಎಕ್ಸ್‌ಪಿಯೊಳಗೆ ನಮ್ಮೂರ ಹೊಳೆಯ ಹೆಸರಿನ ‘ತುಂಗಾ’ ಕನ್ನಡ ಫಾಂಟ್ ಇದ್ದರೂ ಪ್ರಯೋಜನವಿಲ್ಲ, ಅದು ಯೂನಿಕೋಡಿನದು. ಅಜ್ಜ ಬರೆದದ್ದು ನುಡಿಯ ಹಳೇ ಫಾಂಟಿನಲ್ಲಿ. ನುಡಿ ಹಾಕಿದ ಮೇಲೆ ಅಕ್ಷರ ಮೂಡಿತು.

ಒಂದೊಂದೇ ಫೋಟೊ ತೋರಿಸುತ್ತ ಹೋದೆ. ಯಂತ್ರ ಯಾವುದು, ಎಲ್ಲಿ ನಿಂತಿತ್ತು, ಅದರ ಮೇಲೆ ಯಾರು ಕೆಲಸ ಮಾಡುತ್ತಿದ್ದರು, ಅವರನ್ನು ಏನೆಂದು ಕರೆಯುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂದು ಫೋಟೊದಲ್ಲಿ ಮಾತ್ರ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಯಂತ್ರದ ಹಿತ್ತಾಳೆ ಫಲಕದ ಮೇಲೆ ಕುಂಕುಮ ಹಚ್ಚಿತ್ತು, ಅಕ್ಷರ ಮುಚ್ಚಿಹೋಗಿತ್ತು. ಕಡತದಲ್ಲೂ ಅದಕ್ಕೆ ವಿವರವಿಲ್ಲ.

“ಇದು ನಮ್ಮ ಶಾಪಿಂದಲ್ಲ ಕಣೋ. ಯಾವ್ದೂಂತ ಹೊಳೀತಾ ಇಲ್ಲ. ಪಕ್ಕದ ಶಾಪಲ್ಲಿದ್ದೋರು ಒಬ್ಬರು ಹಳೇನಗರದಲ್ಲಿದ್ದಾರೆ, ನಾಳೆ ಹೋಗಿ ಕೇಳಾಣ.”

ಫೋಟೊದ ಪ್ರಿಂಟ್ ಹಾಕಿಸಿ ಚೀಲದಲ್ಲಿಟ್ಟುಕೊಂಡಿದ್ದೇನೆ.